ಬಾವಿಯೊಳಗಿನ ಆಮೆ

ನಾನು ಮದುವೆಯಾಗಿ ಬಿಳಗಿಗೆ ಬಂದದ್ದು 1974ರ ವೈಶಾಖದಲ್ಲಿ. ಬಂದ ಮರುದಿನ ಬೆಳಿಗ್ಗೆ ನೀರು ಸೇದಲು ಹೋದವಳು ಕೊಡಪಾನ ಬಾವಿಗೆ ಬಿಟ್ಟು ಬಗ್ಗಿ ನೋಡಿದರೆ, ನೀರಿನ ನಡುವೆ ಕಪ್ಪು ಕಲ್ಲೊಂದು ತೇಲುತ್ತಿತ್ತು. ಕಲ್ಲು ತೇಲುವುದುಂಟೇ ಎಂದು ನೋಡುತ್ತಿದ್ದಂತೆ ಅದಕ್ಕೆ ತಲೆ ಮೂಡಿತು! ಹಗ್ಗ ಕೈಯಿಂದ ಜಾರಿತು. ಅತ್ತೆಯವರು ನಗುತ್ತ ಬಂದು, "ಹೆದ್ರಡ ತಂಗಿ, ಅದು ನಮ್ಮನೆ ಆಮೆ. ಆಮೆ ಇದ್ದ ಬಾವಿ ನೀರು ಚೊಕ್ಕ ಇರ್ತು" ಎಂದರು.

ಹೊಸ ಮನೆಯಲ್ಲಿ ನನಗೆ ಮೊದಲು ಪರಿಚಯವಾದ ಜೀವ ಅದು. ಮನೆ ತುಂಬ ಜನ. ಯಾರ ಮುಂದೆ ಏನು ಮಾತಾಡಬಹುದು, ಏನು ಆಡಬಾರದು ಎಂಬುದು ತಿಳಿಯುವುದಕ್ಕೇ ವರ್ಷ ಹಿಡಿಯಿತು. ಬಾವಿಕಟ್ಟೆಯಲ್ಲಿ ಮಾತ್ರ ಆ ಲೆಕ್ಕಾಚಾರವಿರಲಿಲ್ಲ. ಅಕ್ಕಿ ತೊಳೆಯುವಾಗ ನಾಲ್ಕು ಕಾಳು, ಹೆಚ್ಚಿದ ಬಸಳೆಯ ಒಂದು ಎಲೆ ಕೆಳಗೆ ಹಾಕಿದರೆ ಅದು ಮೇಲೆ ಬರುತ್ತಿತ್ತು. ನನ್ನ ಕೊಡಪಾನದ ಸದ್ದು ಅದಕ್ಕೆ ಗೊತ್ತೆಂದು ನಂಬಿಕೊಂಡಿದ್ದೆ. ಮಾವಯ್ಯನವರ ಬಾಲ್ಯದಲ್ಲೇ ಯಾರೋ ಗದ್ದೆಯಂಚಿನಲ್ಲಿ ಸಿಕ್ಕಿದ್ದನ್ನು ತಂದು ಬಿಟ್ಟದ್ದಂತೆ. ಮನೆಯವರೆಲ್ಲ ಅದನ್ನು ಗಂಡೆಂದೇ ಮಾತಾಡುತ್ತಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ.

ಸಿದ್ದಾಪುರದ ಪಡುವಲಿಗಿರುವ ಈ ಬಿಳಗಿ ಈಗ ಸಣ್ಣ ಊರು. ಆದರೆ ಒಂದು ಕಾಲಕ್ಕೆ ಬಿಳಗಿ ಅರಸರ ರಾಜಧಾನಿ. ಶಾಸನಗಳ ಭಾಷೆಯಲ್ಲಿ ಶ್ವೇತಪುರ. ಅರಮನೆ ಉಳಿದಿಲ್ಲ. ಪಾರ್ಶ್ವನಾಥ, ನೇಮಿನಾಥ, ವರ್ಧಮಾನರ ರತ್ನತ್ರಯ ಬಸದಿ ಇದೆ, ಗೋಲಬಾವಿ ಇದೆ. ಅರಸರು ಹೋದರೂ ಬಾವಿ ಉಳಿಯುತ್ತದೆ ಎನ್ನುವುದು ನಮ್ಮೂರು ನೋಡಿದವರಿಗೆಲ್ಲ ತಿಳಿಯುವ ಸಂಗತಿ. ಘಟ್ಟದ ಮೇಲಾಗಲಿ ಕೆಳಗಾಗಲಿ, ಹಳೆಯ ಮನೆಗಳಲ್ಲಿ ಬಾವಿಗೆ ಒಂದಿಷ್ಟು ಮೀನು, ಸಿಕ್ಕಿದರೆ ಒಂದು ಆಮೆ ಬಿಡುವ ರೂಢಿಯಿತ್ತು. ಸೊಳ್ಳೆಮರಿ, ಹುಳಹುಪ್ಪಟೆ, ಬಿದ್ದು ಕೊಳೆತದ್ದನ್ನೆಲ್ಲ ಅದು ತಿನ್ನುತ್ತದೆ, ನೀರು ತಿಳಿಯಾಗಿರುತ್ತದೆ ಎಂಬ ನಂಬಿಕೆ. ಜೊತೆಗೆ ಕೂರ್ಮಾವತಾರದ ಗೌರವವೂ ಇತ್ತು. ಜೈನರಲ್ಲೂ ಇಪ್ಪತ್ತನೆಯ ತೀರ್ಥಂಕರ ಮುನಿಸುವ್ರತನ ಲಾಂಛನ ಆಮೆಯೇ. ಹೀಗೆ ದೇವರ ಹೆಸರೂ ಆಯಿತು, ಮನೆಯ ಕೆಲಸವೂ ಆಯಿತು.

ಮನುಷ್ಯ ಆಮೆಯನ್ನು ಮನೆಗೆ ತಂದ ಕಥೆಯನ್ನು ಹಿಂದಕ್ಕೆ ನೋಡುತ್ತ ಹೋದರೆ ಎಲ್ಲ ಕಡೆಯೂ ಹೀಗೆಯೇ. ಅದರಿಂದ ನಮಗೇನು ಎಂಬುದು ಮೊದಲು, ಅದಕ್ಕೇನು ಬೇಕು ಎಂಬುದು ಕೊನೆಗೆ. ವೇದಕಾಲದ ಅಗ್ನಿಚಯನದಲ್ಲಿ ಇಟ್ಟಿಗೆಯ ವೇದಿಕೆ ಕಟ್ಟುವಾಗ ಮೊದಲ ಪದರದಲ್ಲೇ ಜೀವಂತ ಆಮೆಯೊಂದನ್ನು ಇಡಬೇಕೆಂದು ಶತಪಥ ಬ್ರಾಹ್ಮಣ ವಿಧಿಸುತ್ತದೆ. ಪೂಜ್ಯಭಾವದಿಂದಲೇ ಇಟ್ಟದ್ದು. ಆದರೆ ಮೇಲೆ ಇಟ್ಟಿಗೆ ಬಿದ್ದಾಗ ಒಳಗಿನ ಜೀವಕ್ಕೆ ಏನಾಯಿತೆಂದು ಕೇಳಿದವರುಂಟೋ ಇಲ್ಲವೋ.

ಇಂಗ್ಲೆಂಡಿನ ಒಂದು ಆಮೆಯ ಕಥೆ ಮಾತ್ರ ನನಗೆ ಬಹಳ ಹಿಡಿಸಿದ್ದು. ಸಸೆಕ್ಸ್ ಪ್ರಾಂತದ ರಿಂಗ್ಮರ್ ಎಂಬ ಹಳ್ಳಿಯಲ್ಲಿ ರೆಬೆಕಾ ಸ್ನೂಕ್ ಎಂಬ ಹೆಂಗಸು ತನ್ನ ಕೈತೋಟದಲ್ಲಿ ನಾಲ್ಕು ದಶಕ ಒಂದು ಆಮೆ ಸಾಕಿದ್ದಳು. 1780ರಲ್ಲಿ ಆಕೆ ತೀರಿಕೊಂಡಾಗ, ಅಣ್ಣನ ಮಗ ಗಿಲ್ಬರ್ಟ್ ವೈಟ್ ಚಳಿಗಾಲದ ನಿದ್ದೆಯಲ್ಲಿದ್ದ ಅದನ್ನು ಮಣ್ಣಿನಿಂದ ಅಗೆದು, ಪೆಟ್ಟಿಗೆಯಲ್ಲಿಟ್ಟು, ಕುದುರೆಗಾಡಿಯಲ್ಲಿ ಸೆಲ್ಬೋರ್ನಿನ ತನ್ನ ಮನೆಗೆ ಕೊಂಡೊಯ್ದ. ಆತ ಪಾದ್ರಿ, ಪ್ರಕೃತಿಯ ಬಗ್ಗೆ ಬರೆದು ಹೆಸರಾದವನು. ವರ್ಷಾನುಗಟ್ಟಲೆ ಕೈಯಾರೆ ತಿನ್ನಿಸಿದ ಮುದುಕಿ ಕಂಡರೆ ಆಮೆ ಕುಂಟುತ್ತ ಅವಳ ಬಳಿಗೆ ಹೋಗುತ್ತಿತ್ತು, ಬೇರೆಯವರನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ ಎಂದು ಅವನೇ ಬರೆದಿದ್ದಾನೆ. ಇದನ್ನು ಓದಿದಾಗ, ನನ್ನ ಕೊಡಪಾನದ ಸದ್ದಿನ ವಿಷಯ ಪೂರ್ತಿ ಭ್ರಮೆಯಲ್ಲ ಎನಿಸಿ ಸಮಾಧಾನವಾಯಿತು. ಆ ಆಮೆಯನ್ನು ಅವರು ತಿಮೋತಿ ಎಂದು ಗಂಡು ಹೆಸರಿನಿಂದ ಕರೆಯುತ್ತಿದ್ದರು. 1794ರಲ್ಲಿ ಅದು ಸತ್ತ ಮೇಲೆ ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿದ ಚಿಪ್ಪನ್ನು ಪರೀಕ್ಷಿಸಿದಾಗ ತಿಳಿಯಿತು, ತಿಮೋತಿ ಹೆಣ್ಣು!

ನಮ್ಮ ಬಾವಿಯದೂ ಅದೇ ಕಥೆ. ತಿಳಿದದ್ದು 1983ರ ಬೇಸಿಗೆಯಲ್ಲಿ.

ಆ ವರ್ಷ ಬಾವಿಯ ನೀರು ತೀರ ಇಳಿದಿತ್ತು. ಹೂಳೆತ್ತಿಸುವುದೆಂದಾಯಿತು. ಮೊದಲ ಬುಟ್ಟಿಯಲ್ಲೇ ಆಮೆ ಮೇಲೆ ಬಂತು. ಒಂಬತ್ತು ವರ್ಷ ಮೇಲಿನಿಂದ ನೋಡಿದ್ದನ್ನು ಅಂದು ಹತ್ತಿರದಿಂದ ನೋಡಿದೆ. ಕಪ್ಪು ಚಿಪ್ಪಿನ ಮೇಲೆ ಉದ್ದಕ್ಕೆ ಮೂರು ಏಣು, ತುಂಬ ಪಾಚಿ. ಬಿಸಿಲಿಗೆ ಕಣ್ಣು ಬಿಡಲಾರದೆ ತಲೆ ಒಳಗೆಳೆದುಕೊಂಡಿತ್ತು. ಹೂಳಿನಲ್ಲಿ ಅತ್ತೆಯವರ ಕಾಲದ ಹಿತ್ತಾಳೆ ಲೋಟ ಸಿಕ್ಕಿತು, ಮಕ್ಕಳ ಗೋಲಿಗಳು ಸಿಕ್ಕವು. ಕೊನೆಗೆ ಕೆಸರಿನ ಬುಟ್ಟಿಯಲ್ಲಿ ಬಿಳಿಯ, ಉದ್ದನೆಯ, ಗಟ್ಟಿ ಸಿಪ್ಪೆಯ ಎರಡು ಮೊಟ್ಟೆ. ಒಂದು ಒಡೆದಿತ್ತು.

ಅತ್ತೆಯವರು ಅದನ್ನು ಸೆರಗಿನಲ್ಲಿ ಒರೆಸಿ ಬಹಳ ಹೊತ್ತು ನೋಡಿದರು. "ಇಷ್ಟು ವರ್ಷ ಇದು ಹೆಣ್ಣು ಹೇಳಿ ಗೊತ್ತೇ ಇತ್ತಿಲ್ಲೆ ನೋಡು" ಎಂದರು. ಅವರು ಎಂಟು ಹೆತ್ತವರು, ಮೂರನ್ನು ಮಣ್ಣಿಗೆ ಕೊಟ್ಟವರು. ಮತ್ತೇನೂ ಹೇಳಲಿಲ್ಲ.

ಮಧ್ಯಾಹ್ನದ ಊಟದ ಗಡಿಬಿಡಿಯಲ್ಲಿ ಆಮೆಯನ್ನು ಎಲ್ಲರೂ ಮರೆತೆವು. ನೋಡಿದರೆ ಅಂಗಳದಲ್ಲಿ ಇಲ್ಲ. ಸಂಜೆ ಸಿಕ್ಕಿದ್ದು ಅಡಿಕೆ ತೋಟದ ಅಂಚಿನಲ್ಲಿ. ಮೆತ್ತನೆಯ ಮಣ್ಣಿಗೆ ಬೆನ್ನು ಮಾಡಿ ಹಿಂಗಾಲಿನಿಂದ ನಿಧಾನವಾಗಿ ಗುಂಡಿ ತೋಡುತ್ತಿತ್ತು. ಆಮೆ ನೀರಿನದಾಗಲಿ ನೆಲದ್ದಾಗಲಿ, ಕಡಲಿನದೇ ಆಗಲಿ, ಮೊಟ್ಟೆಯಿಡುವುದು ನೆಲದಲ್ಲೇ. ಹೊನ್ನಾವರದ ಕಾಸರಕೋಡಿನ ಮರಳಿಗೆ ಕಡಲಾಮೆಗಳು ರಾತ್ರಿ ಏರಿ ಬರುವುದೂ ಇದಕ್ಕೇ. ಒಣ ನೆಲ ಸಿಗದ ಹೆಣ್ಣಾಮೆ ಮೊಟ್ಟೆಯನ್ನು ಹೊಟ್ಟೆಯಲ್ಲೇ ತಡೆಹಿಡಿದು ಕಾಯಿಲೆ ಬೀಳಬಹುದು, ಇಲ್ಲವೇ ನೀರಿನಲ್ಲೇ ಬೀಳಿಸಿಬಿಡಬಹುದು. ನೀರಿಗೆ ಬಿದ್ದ ಮೊಟ್ಟೆ ಮರಿಯಾಗುವುದಿಲ್ಲ. ಇದೆಲ್ಲ ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆದರೆ ಅಂದು ಆ ಗುಂಡಿ ನೋಡಿದಾಗ ಓದು ಬೇಕಿರಲಿಲ್ಲ. ಹೆತ್ತವರಿಗೆ ಅರ್ಥವಾಗುವಂತೆಯೇ ಇತ್ತು.

"ಕತ್ತಲೆ ಆಪದ್ರೊಳಗೆ ಬಾವಿಗೆ ಬಿಟ್ಬಿಡಿ" ಎಂದು ಮಾವಯ್ಯನವರು ಜಗುಲಿಯಿಂದ ಹೇಳಿದರು. ಅವರು ಕಠಿಣರಲ್ಲ. ಬಾವಿಯ ಆಮೆ ಬಾವಿಯಲ್ಲಿರಬೇಕು, ಅಷ್ಟೇ. ಅತ್ತೆಯವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ತೋಟದ ಕೆಳಗೆ ಕೆರೆಯಿತ್ತು, ಹತ್ತು ಮಾರು ದೂರ. ಅಲ್ಲಿ ಬಿಡೋಣ ಎಂಬ ಎರಡು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು.

ಪಂಚತಂತ್ರದ ಆಮೆಯ ಕಥೆ ನಮಗೆಲ್ಲ ಗೊತ್ತಲ್ಲವೇ? ಹಂಸಗಳು ಹಿಡಿದ ಕೋಲನ್ನು ಕಚ್ಚಿಕೊಂಡು ಹಾರುವಾಗ ಬಾಯಿ ಬಿಟ್ಟು ಕೆಳಗೆ ಬಿದ್ದು ಸತ್ತ ಆಮೆ. ಆ ಕಥೆಯನ್ನು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು ಸಲ ಹೇಳುತ್ತಾರೆ ಎಂಬುದು ನನ್ನ ಅನುಭವ. ನಾನು ಆ ದಿನ ಕೋಲನ್ನು ಗಟ್ಟಿಯಾಗಿ ಕಚ್ಚಿಕೊಂಡಿದ್ದೆ. ಬುಟ್ಟಿ ಕೆಳಗಿಳಿಯಿತು. ಬಿದ್ದದ್ದು ನಾನಲ್ಲ, ಅದು.

ಮುಂದೆ ನಾಲ್ಕಾರು ವರ್ಷ ಅದು ಬಾವಿಯಲ್ಲಿತ್ತು. ಒಂದು ಮಳೆಗಾಲದ ನಂತರ ಕಾಣಲಿಲ್ಲ.

ಆಮೇಲೆ ತಿಳಿದ ಒಂದು ಸಂಗತಿ ನನ್ನನ್ನು ಇನ್ನಷ್ಟು ಕಾಡಿತು. ನಮ್ಮ ಬಾವಿ ಹೂಳೆತ್ತುವುದಕ್ಕೆ ಹಿಂದಿನ ವರ್ಷ, 1982ರಲ್ಲಿ, ಜೆ. ವಿಜಯಾ ಎಂಬ ಹುಡುಗಿ ಕೇರಳದ ಚಾಲಕುಡಿಯ ಕಾಡಿನಲ್ಲಿ ಒಂದು ಆಮೆ ಹುಡುಕುತ್ತಿದ್ದಳು. ಮದರಾಸಿನ ಮೊಸಳೆ ಬ್ಯಾಂಕಿನಲ್ಲಿ ಕೆಲಸ. ಇಪ್ಪತ್ತರ ಆಚೀಚಿನ ವಯಸ್ಸು. ಬೆತ್ತದ ಕಾಡಿನ ಆ ಪುಟ್ಟ ಆಮೆಯನ್ನು ಹೆಂಡರ್ಸನ್ ಎಂಬವರು 1912ರಲ್ಲಿ ವರ್ಣಿಸಿದ ಮೇಲೆ ಎಪ್ಪತ್ತು ವರ್ಷ ಅದು ವಿಜ್ಞಾನಿಗಳ ಕಣ್ಣಿಗೆ ಬಿದ್ದಿರಲಿಲ್ಲ. ವಿಜಯಾ ಅದನ್ನು ಕಂಡುಹಿಡಿದಳು. ಆಕೆಯನ್ನು ಭಾರತದ ಮೊದಲ ಮಹಿಳಾ ಸರೀಸೃಪ ತಜ್ಞೆ ಎನ್ನುತ್ತಾರೆ. 1987ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡಳು. 2006ರಲ್ಲಿ ಆ ಆಮೆಯ ಕುಲಕ್ಕೇ ಅವಳ ಹೆಸರಿಟ್ಟರು: ವಿಜಯಚೆಲಿಸ್. ಆಮೆಗಾಗಿ ಒಬ್ಬ ಹೆಣ್ಣುಮಗಳು ಕಾಡಿಗೇ ಹೋಗಬಹುದಾಗಿದ್ದ ಕಾಲದಲ್ಲಿ ನಾನು ತೋಟದ ಕೆಳಗಿನ ಕೆರೆಗೂ ಹೋಗಲಿಲ್ಲ.

ಈಗ ಈ ಹಳೆಯ ಕಥೆಯನ್ನು ಕೆದಕಲು ಕಾರಣ ನನ್ನ ಮೊಮ್ಮಗಳು. ಕಳೆದ ಸಲ ಬೆಂಗಳೂರಿನ ಮಗನ ಮನೆಗೆ ಹೋದಾಗ ಮೇಜಿನ ಮೇಲೆ ಗಾಜಿನ ಬೋಗುಣಿಯಲ್ಲಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಎರಡು ಹಸಿರು ಆಮೆಮರಿ. ಕಣ್ಣಿನ ಹಿಂದೆ ಕೆಂಪು ಪಟ್ಟೆ. ಹುಟ್ಟುಹಬ್ಬದ ಉಡುಗೊರೆಯಂತೆ. ಮನೆಗೆ ಅದೃಷ್ಟ ಎಂದು ಅಂಗಡಿಯವನು ಬೇರೆ ಹೇಳಿದ್ದನಂತೆ.

ಈ ಸಲ ನಾನು ಬಾಯಿ ಬಿಟ್ಟೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಈ ಕೆಂಪು ಕಿವಿಯ ಆಮೆ ಅಮೆರಿಕದ ಮಿಸಿಸಿಪಿ ಸೀಮೆಯದು. ಇವತ್ತು ಬೋಗುಣಿಯಲ್ಲಿ ಹಿಡಿಸುವ ಹೆಣ್ಣುಮರಿ ಬೆಳೆದು ಊಟದ ತಟ್ಟೆಯಷ್ಟಾಗುತ್ತದೆ. ಮೂವತ್ತು ವರ್ಷ ಬದುಕೀತು. ತಂದವರ ಮಗಳು ಮದುವೆಯಾಗಿ ಹೋದ ಮೇಲೂ ಅದು ಮನೆಯಲ್ಲಿರುತ್ತದೆ. ಈಗಾಗಲೇ ತಂದಿದ್ದರೆ ಅದಕ್ಕೆ ಬೋಗುಣಿ ಸಾಲದು, ಈಜಾಡಲು ದೊಡ್ಡ ತೊಟ್ಟಿ ಬೇಕು, ನೀರನ್ನು ಶುದ್ಧವಾಗಿಡಬೇಕು. ಮೈ ಪೂರ್ತಿ ಒಣಗುವಂತೆ ಹತ್ತಿ ಕೂರಲು ಒಂದು ಕಲ್ಲೋ ಹಲಗೆಯೋ ಇರಬೇಕು. ಅಲ್ಲಿಗೆ ನೇರವಾದ ಬಿಸಿಲು ಬೀಳಬೇಕು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಪ್ರಯೋಜನವಿಲ್ಲ, ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ. ಅವಿಲ್ಲದೆ ಸುಣ್ಣದಂಶ ಮೈಗೆ ಹತ್ತದೆ ಚಿಪ್ಪು ಮೆತ್ತಗಾಗಿ ಸೊಟ್ಟಗಾಗುತ್ತದೆ. ಆದರೆ ತೊಟ್ಟಿಯನ್ನೇ ಸುಡುಬಿಸಿಲಿನಲ್ಲಿಟ್ಟರೆ ನೀರು ಕಾದು ಸಾಯುತ್ತದೆ, ಒಂದು ಪಕ್ಕ ನೆರಳಿರಲಿ. ಅನ್ನ, ಬ್ರೆಡ್ಡು ಅದರ ಆಹಾರವಲ್ಲ. ಮರಿಯಿದ್ದಾಗ ಹುಳ, ಮೀನಿನಂಥದು ಹೆಚ್ಚು, ಬೆಳೆದಂತೆ ಸೊಪ್ಪು ಹೆಚ್ಚು. ಮಾಂಸ ತಾರದ ಮನೆಯವರು ಇದನ್ನು ತರುವ ಮೊದಲೇ ಯೋಚಿಸಬೇಕು.

ಇನ್ನೊಂದು ಮುಖ್ಯ ಸಂಗತಿ. ಆರೋಗ್ಯವಾಗಿರುವ ಆಮೆಯ ಮೈಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದರಿಂದ ಮಕ್ಕಳಿಗೆ ಜ್ವರ, ಭೇದಿ. ಈ ಕಾರಣಕ್ಕೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿದರು, ಪುಟ್ಟ ಮರಿಗಳನ್ನು ಮಕ್ಕಳು ಬಾಯಿಗಿಡುತ್ತಾರೆಂದು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಆಮೆ ಬೇಡವೇ ಬೇಡ. ಚೊಕ್ಕ ಮಾಡುತ್ತದೆಂದು ಆಮೆ ಬಿಟ್ಟ ಬಾವಿಯ ನೀರನ್ನೇ ನಾವು ಕುಡಿದು ಬೆಳೆದವರು ಎಂಬುದು ನೆನಪಾದಾಗ ನನಗೆ ನಗುವೂ ಬರುತ್ತದೆ, ಭಯವೂ ಆಗುತ್ತದೆ.

ಸಾಕಲಾಗದೆಂದು ಕೆರೆಗೆ ಬಿಡುವುದಂತೂ ದೊಡ್ಡ ತಪ್ಪು. ಕೆಂಪು ಕಿವಿಯದು ಪರದೇಶದ್ದು. ನಮ್ಮ ಆಮೆಗಳ ಆಹಾರ, ಬಿಸಿಲಿನ ಜಾಗ ಎರಡನ್ನೂ ಕಸಿಯುತ್ತದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ವಿದೇಶೀ ಪ್ರಾಣಿಗಳನ್ನು ಸಾಕುವವರಿಗೆ 2022ರ ಕಾಯಿದೆ ತಿದ್ದುಪಡಿಯ ನಂತರ ನೋಂದಣಿಯ ನಿಯಮಗಳೂ ಬಂದಿವೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಒಳ್ಳೆಯದು.

ಹಾಗಾದರೆ ನಮ್ಮ ದೇಶದ್ದೇ ಸಾಕೋಣವೇ ಎಂದು ಸೊಸೆ ಕೇಳಿದಳು. ಅದೂ ಆಗದು. ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ ಬರೆದಂತಿರುವ ನಕ್ಷತ್ರ ಆಮೆ ಎಷ್ಟು ಚೆಂದವೋ ಅಷ್ಟೇ ಅದರ ಗ್ರಹಚಾರ ಕೆಟ್ಟದ್ದು. ಒಣ ಕುರುಚಲು ಕಾಡಿನ ಪ್ರಾಣಿ. ಲಕ್ಷ್ಮಿ ಬರುತ್ತಾಳೆಂದು ಅದನ್ನು ಹಿಡಿದು ಮಾರುವವರಿದ್ದಾರೆ. ಕದ್ದು ಸಾಗಿಸಿ ಸಿಂಗಾಪುರದಲ್ಲಿ ಸಿಕ್ಕಿಬಿದ್ದ 51 ನಕ್ಷತ್ರ ಆಮೆಗಳು 2018ರ ನವೆಂಬರಿನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಮರಳಿ ಬಂದವು. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಕಟ್ಟುನಿಟ್ಟಿನ ತಡೆ ಬಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಾದ ತಿದ್ದುಪಡಿಯಲ್ಲಿ ಅದು ಮೊದಲನೆಯ ಪಟ್ಟಿಗೆ ಏರಿತು. ಮನೆಯಲ್ಲಿಟ್ಟುಕೊಂಡರೆ ಜೈಲು. ಮನೆಗೆ ಆಮೆ ಬಂದರೆ ಶುಭವೆನ್ನುವವರು ಹಿತ್ತಾಳೆಯ ಆಮೆ ತಂದಿಟ್ಟುಕೊಳ್ಳಲಿ. ಅದಕ್ಕೆ ಬಿಸಿಲೂ ಬೇಡ, ಮೊಟ್ಟೆಯಿಡಲು ನೆಲವೂ ಬೇಡ.

ಮಗ ನಾನು ಹೇಳಿದ್ದನ್ನು ಸುಮ್ಮನೆ ಕೇಳಿದ. ಮುಂದಿನ ವಾರ ಬಾಲ್ಕನಿಯಲ್ಲಿ ದೊಡ್ಡ ತೊಟ್ಟಿ ಬಂತು. ಒಂದು ಬದಿಗೆ ಇಳಿಜಾರಿನ ಕಲ್ಲು, ಒಂದು ಬದಿಗೆ ನೆರಳು. ಬೆಳೆದ ಮೇಲೆ ಹೆಣ್ಣೆಂದು ತಿಳಿದರೆ ಮಣ್ಣು ತುಂಬಿದ ಪೆಟ್ಟಿಗೆಯೂ ಬೇಕೆಂದು ಹೇಳಿಟ್ಟು ಬಂದಿದ್ದೇನೆ.

ದಸರಾ ರಜೆಗೆ ಮೊಮ್ಮಗಳು ಬಿಳಗಿಗೆ ಬಂದಿದ್ದಳು. ಬಾವಿಗೆ ಈಗ ಪಂಪು ಕೂತಿದೆ, ಮೇಲೆ ಕಬ್ಬಿಣದ ಜಾಲರಿ. ಜಾಲರಿಯ ಮೇಲೆ ಬಗ್ಗಿ ಬಹಳ ಹೊತ್ತು ಕೆಳಗೆ ನೋಡಿದಳು. ತನ್ನೆರಡು ಆಮೆಗಳಿಗೂ ಅವಳು ಹೆಸರಿಟ್ಟಿದ್ದಾಳೆ, ದಿನಕ್ಕೆ ಹತ್ತು ಸಲ ಕರೆಯುತ್ತಾಳೆ. "ಅಜ್ಜಿ, ನಿಮ್ಮ ಆಮೆಯ ಹೆಸರೇನು?" ಎಂದು ಕೇಳಿದಳು.

ಅಷ್ಟು ವರ್ಷ ನಮ್ಮ ಮನೆಯಲ್ಲಿದ್ದ ಅದಕ್ಕೆ ನಾವು ಯಾರೂ ಹೆಸರಿಟ್ಟಿರಲಿಲ್ಲ.