ಗಂಧದ ಕೋಠಿಯೂ ಪರದೇಶದ ಭಟ್ಟಿಯೂ

ಯಶವಂತಪುರದ ಮಗ್ಗುಲಿನ ಸಾಬೂನು ಕಾರ್ಖಾನೆಯನ್ನು ಅರಿಯದ ಮನೆ ನಮ್ಮಲ್ಲಿ ವಿರಳ. ಕಬ್ಬನ್ ಉದ್ಯಾನದ ಬಳಿ ಮೊದಲಾದ ಈ ಉದ್ಯಮವು 1957ರಲ್ಲಿ ಈ ಕಡೆಗೆ ಬಂದಿತು. ವ್ಯಾಪಾರದಲ್ಲಿ ಎದುರಾಳಿಯನ್ನು ಅರಿಯುವುದೆಂದರೇನೆಂಬುದನ್ನು ಇದರ ಹುಟ್ಟಿನ ಕಥೆಯಷ್ಟು ಚೆನ್ನಾಗಿ ತಿಳಿಸುವ ಪ್ರಸಂಗವನ್ನು ನಮ್ಮ ನಾಡಿನಲ್ಲಿ ನಾನು ಬೇರೆ ಕಾಣೆನು.

ಶ್ರೀಗಂಧವು ಮೈಸೂರು ಸಂಸ್ಥಾನದಲ್ಲಿ ಸರ್ಕಾರದ ಸ್ವತ್ತಾಗಿದ್ದಿತು. ಮರವನ್ನು ಬೇರುಸಹಿತ ಕಿತ್ತು ತಂದು, ದರ್ಜೆವಾರು ವಿಂಗಡಿಸಿ, ಗಂಧದ ಕೋಠಿಗಳಲ್ಲಿ ಹರಾಜು ಹಾಕುವರು. ಹಣ ಬಂದೊಡನೆ ಸರ್ಕಾರದ ಕೆಲಸ ಮುಗಿಯಿತು. ಮರವು ಹಡಗೇರಿ ಬಹುಪಾಲು ಜರ್ಮನಿಯನ್ನು ಸೇರಿ, ಅಲ್ಲಿ ಎಣ್ಣೆಯಾಗಿ, ಔಷಧಕ್ಕೂ ಸುಗಂಧದ್ರವ್ಯಗಳಿಗೂ ಸಲ್ಲುತ್ತಿದ್ದಿತು. ನಮ್ಮ ಮರದ ದರ್ಜೆ, ದರಗಳು ಕೊಳ್ಳುವವನಿಗೆ ಗೊತ್ತು. ಅವನ ಭಟ್ಟಿಯಲ್ಲಿ ಎಷ್ಟು ಎಣ್ಣೆ ಇಳಿಯಿತು, ಅದು ಯಾವ ಬೆಲೆಗೆ ಮಾರಿತು ಎಂಬುದನ್ನು ನಮ್ಮ ಹರಾಜಿನ ಲೆಕ್ಕ ಹೇಳುತ್ತಿರಲಿಲ್ಲ.

1914ರಲ್ಲಿ ಮಹಾಯುದ್ಧವು ಆರಂಭವಾಗಲು ಆ ಪೇಟೆ ಮುಚ್ಚಿತು. ಕೋಠಿಗಳಲ್ಲಿ ಮರ ಉಳಿಯಿತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಕೈಗಾರಿಕಾ ಇಲಾಖೆಯ ಮುಖ್ಯಾಧಿಕಾರಿ ಆಲ್ಫ್ರೆಡ್ ಚಾಟರ್ಟನ್ನರು ಕೆಲಸಕ್ಕೆ ಕೈಹಚ್ಚಿದರು. ಯಶವಂತಪುರಕ್ಕೆ ಅನತಿದೂರದ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ, ವಾಟ್ಸನ್ ಎಂಬ ಪಂಡಿತರು ಪ್ರಯೋಗಕ್ಕೆ ತೊಡಗಿದರು.

ಕೌಟಿಲ್ಯನು ವರ್ತಕನ ವೇಷದ ಗೂಢಚಾರನನ್ನು ಹೇಳಿರುವನಷ್ಟೆ. ಇಲ್ಲಿ ಅಂಥವನು ಬೇಕಾಗಲಿಲ್ಲ. ಎಣ್ಣೆಯಲ್ಲಿ ಸ್ಯಾಂಟಲಾಲ್ ಎಂಬ ಸತ್ತ್ವವು ನೂರಕ್ಕೆ 90ರಷ್ಟಾದರೂ ಇರಬೇಕೆಂಬ ನಿಯಮವು ಬ್ರಿಟಿಷರ ಔಷಧಗ್ರಂಥದಲ್ಲಿ ಅಚ್ಚಾಗಿಯೇ ಇದ್ದಿತು. ಎದುರಾಳಿಯ ಗುಟ್ಟೆಂದು ನಾವು ಭಾವಿಸುವುದರಲ್ಲಿ ಅರ್ಧವು ಹೀಗೆ ಬಯಲಿನಲ್ಲಿಯೇ ಬಿದ್ದಿರುವುದು; ಓದುವವರು ಬೇಕು. ಉಳಿದರ್ಧಕ್ಕೆ ಮಾತ್ರ ಶ್ರಮ ಪಡಬೇಕಾಯಿತು. ಮರದ ಪುಡಿಗೆ ದಿನಗಟ್ಟಲೆ ಉಗಿ ಹಾಯಿಸಿದರೆ ನೂರು ಪೌಂಡಿಗೆ ದೊರೆಯುವುದು ಸುಮಾರು 5 ಪೌಂಡು ಎಣ್ಣೆ. ಆತುರಪಟ್ಟರೆ ಸತ್ತ್ವವು ಮರದಲ್ಲಿಯೇ ಉಳಿಯುವುದು.

1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಇಳಿಯಿತು. ಮರುವರ್ಷ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆಯಾಯಿತು. ಸಾಬೂನಿನ ವಿದ್ಯೆಯನ್ನು ಕಲಿತುಬರಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ಇದೂ ಬಹಿರಂಗವಾದ ಮಾರ್ಗವೇ. ಶಿಷ್ಯನಾಗಿ ಹೋಗುವುದರಲ್ಲಿ ಕಳ್ಳತನವೇನಿದೆ?

ಯುದ್ಧವು ಮುಗಿದ ಮೇಲೆ ಪಶ್ಚಿಮ ಆಸ್ಟ್ರೇಲಿಯದವರು ತಮ್ಮ ನಾಡಿನ ಬೇರೊಂದು ಜಾತಿಯ ಗಂಧದ ಮರದ ಎಣ್ಣೆಯೊಡನೆ ಪೇಟೆಗೆ ಬಂದರು. ಅದರಲ್ಲಿ ಸ್ಯಾಂಟಲಾಲ್ ಕಡಮೆ. ಪರರ ಎಣ್ಣೆಯನ್ನು ತನ್ನದರೊಡನೆ ಒರೆಹಚ್ಚಿ ನೋಡುವ ವಿದ್ಯೆಯು ಅಷ್ಟುಹೊತ್ತಿಗೆ ಮೈಸೂರಿಗೂ ಬಂದಿದ್ದಿತು.