ಗೋಡೆಯ ಮೇಲೆ ನಮ್ಮದೇ ಮುಖ

ಈಚೆಗೆ ನಮ್ಮ ಕುಮಾರಪಟ್ಟಣದ ಕಡೆ ಹೊಸ ಮನೆ ಕಟ್ಟಿಸಿದವರ ಹಾಲ್‌ಗೆ ಹೋದರೆ ಒಂದು ಗೋಡೆ ಬೇರೆಯದೇ ಥರ ಇರುತ್ತದೆ. ಮೂರು ಗೋಡೆಗೆ ತಿಳಿ ಬಣ್ಣ, ನಾಲ್ಕನೆಯದಕ್ಕೆ ಗೋಡೆ ತುಂಬ ಒಂದೇ ಫೋಟೋ. ಮೊದಮೊದಲು ಅಲ್ಲಿ ಯಾವುದೋ ದೇಶದ ಜಲಪಾತ ಇರುತ್ತಿತ್ತು. ಈಗ ಮನೆಯವರದೇ ಮದುವೆ, ಮಗುವಿನ ಮೊದಲ ಹುಟ್ಟುಹಬ್ಬ, ಇಲ್ಲವೇ ಹೊಲದ ಬದುವಿನ ಮೇಲೆ ಕೂತ ಅಜ್ಜ. ಪೆನ್ ಡ್ರೈವ್‌ನಲ್ಲಿ ಫೋಟೋ ಕೊಟ್ಟು ಗೋಡೆಯ ಅಳತೆ ಹೇಳಿದರೆ ಸಾಕು, ಪಟ್ಟಿ ಪಟ್ಟಿಯಾಗಿ ಪ್ರಿಂಟ್ ಮಾಡಿ ತಂದು ಅಂಟಿಸಿ ಹೋಗುತ್ತಾರೆ.

"ಏನ್ ಶೋಕಿನೋ ಏನೋ, ತಮ್ಮ ಮಾರಿ ತಾವ ಗ್ವಾಡಿಗೆ ಹಚ್ಚಿಗೊಳ್ಳೂದು!" ಎನ್ನುವ ಹಿರಿಯರೂ ಇದ್ದಾರೆ. ಆದರೆ ಸ್ವಲ್ಪ ಇತಿಹಾಸ ಕೆದಕಿದರೆ ಈ ಶೋಕಿಗೆ ಸಾವಿರದ ನಾನೂರು ವರ್ಷಕ್ಕೂ ಮೀರಿದ ವಯಸ್ಸು ಅಂತ ಗೊತ್ತಾಗುತ್ತೆ. ಆಗ ಅದು ದುಡ್ಡೂ ಅಧಿಕಾರವೂ ಇದ್ದವರ ಶೋಕಿಯಾಗಿತ್ತು, ಅಷ್ಟೇ ವ್ಯತ್ಯಾಸ.

ನಮ್ಮ ಸೀಮೆಗೆ ಹತ್ತಿರದ ಬಾದಾಮಿಯಿಂದಲೇ ಶುರುಮಾಡೋಣ. ಅಲ್ಲಿನ ಮೂರನೇ ಗುಹೆ ಚಾಲುಕ್ಯ ಮಂಗಲೇಶ ಮಾಡಿಸಿದ್ದು. ಕಂಬದ ಮೇಲಿನ ಶಾಸನ ಕ್ರಿ.ಶ. 578 ಎಂದು ಇಸವಿಯನ್ನೂ ಕೊಡುತ್ತದೆ. ಗುಹೆಯ ಮುಂಭಾಗದ ಸೂರಿನ ಅಂಚಿನಲ್ಲಿ ಹಳೆಯ ವರ್ಣಚಿತ್ರಗಳ ಚೂರುಗಳು ಉಳಿದಿವೆ. ಒಂದರಲ್ಲಿ ರಾಜ, ರಾಣಿ, ಪರಿವಾರ. ಇದು ಮಂಗಲೇಶನ ಅಣ್ಣ ಕೀರ್ತಿವರ್ಮನ ಅರಮನೆಯ ದೃಶ್ಯ ಎಂದು ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿ ಗುರುತಿಸಿದರು. ಆದರೆ ಅದು ವಿದ್ವಾಂಸರ ಊಹೆ. ಚಿತ್ರದ ಕೆಳಗೆ ಹೆಸರಿಲ್ಲ. ಆ ಮುಖ ದೊರೆಯದೋ, ದೇವರದೋ ಅಂತ ವಾದ ಮಾಡುವ ಪರಿಸ್ಥಿತಿ ನಮ್ಮದು.

ಸುಮಾರು ಸಾವಿರ ವರ್ಷ ಮುಂದೆ ಬಂದರೆ ಲೇಪಾಕ್ಷಿ. ಈಗ ಆಂಧ್ರಪ್ರದೇಶದಲ್ಲಿದೆ, ಆದರೆ ಅಲ್ಲಿನ ಕನ್ನಡ ಶಾಸನ ನೋಡಿದವರಿಗೆ ಊರು ಪರಕೀಯ ಅನ್ನಿಸುವುದಿಲ್ಲ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಅಂದರೆ 1530ರ ನಂತರದ ವರ್ಷಗಳಲ್ಲಿ, ಪೆನುಕೊಂಡೆಯ ಅಧಿಕಾರಿ ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ ಇಲ್ಲಿನ ವೀರಭದ್ರ ದೇವಾಲಯವನ್ನು ಬೆಳೆಸಿದರು. ಅದರ ಚಾವಣಿಯ ಚಿತ್ರಗಳಲ್ಲಿ ಅಣ್ಣತಮ್ಮಂದಿರು ಎತ್ತರದ ಕುಲಾವಿ ತೊಟ್ಟು, ಪರಿವಾರದ ಜೊತೆ ನಿಂತಿದ್ದಾರೆ. ದೇವರ ಸೇವೆಯೂ ಆಯಿತು, ತಮ್ಮ ಚಿತ್ರವೂ ಆಯಿತು :) ಹೆಸರು ಜನರ ಬಾಯಲ್ಲಿ ಉಳಿದಿದ್ದರಿಂದ ಇವರು ಯಾರೆಂದು ನಮಗೆ ಗೊತ್ತು.

ಇನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್. ಟಿಪ್ಪು 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆಯ ಪಶ್ಚಿಮ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧವಿದೆ. ಹೈದರ್, ಟಿಪ್ಪು, ಗಾಯಗೊಂಡು ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಧಿಕಾರಿ ಬೇಲಿ, ಎಲ್ಲರೂ ಇದ್ದಾರೆ. ಆದರೆ ಈ ಚಿತ್ರಕ್ಕೆ ಒಮ್ಮೆ ಸುಣ್ಣ ಬಳಿಯಲಾಗಿತ್ತು. 1799ರ ನಂತರ ಇಲ್ಲೇ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮತ್ತೆ ಹಾಳಾದಾಗ, 1855ರಲ್ಲಿ ಡಾಲ್‌ಹೌಸಿಯ ಆದೇಶದಂತೆ ಹೊಸದಾಗಿ ಬರೆಸಲಾಯಿತು. ಹಾಗಾದರೆ ನಾವು ಇಂದು ನೋಡುವ ಮುಖಗಳಲ್ಲಿ ಟಿಪ್ಪುವಿನ ಕಾಲದ ಕಲಾವಿದ ಕಂಡದ್ದೆಷ್ಟು, ಆಮೇಲೆ ತಿದ್ದಿದವರು ಸೇರಿಸಿದ್ದೆಷ್ಟು? ಹೋಲಿಸಿ ನೋಡೋಣ ಎಂದರೆ ಆಗ ಫೋಟೋ ಇರಲಿಲ್ಲವಲ್ಲ...

ಫೋಟೋವೇ ಗೋಡೆಯ ಚಿತ್ರವಾದ ನಿಜವಾದ ಕಥೆ ಮೈಸೂರು ಅರಮನೆಯದು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಅದರ ಕಲ್ಯಾಣ ಮಂಟಪದ ಗೋಡೆಗಳ ಸುತ್ತ ದಸರಾ ಮೆರವಣಿಗೆಯ 26 ತೈಲವರ್ಣ ಚಿತ್ರಗಳಿವೆ. ಆನೆ, ಕುದುರೆ, ಬ್ಯಾಂಡಿನವರು, ಸೈನಿಕರು, ದರ್ಬಾರಿನವರು, ದಾರಿಬದಿಯ ಜನ. ಪ್ರವಾಸಕ್ಕೆ ಹೋದವರೆಲ್ಲ ನೋಡಿಯೇ ಇರುತ್ತೀರಿ, ಆದರೆ ಗೈಡ್ ಅವಸರಕ್ಕೆ ಮುಂದೆ ಹೋಗಿರುತ್ತೀರಿ!

ಈ ಚಿತ್ರಗಳನ್ನು ಮನಸ್ಸಿಗೆ ತೋಚಿದಂತೆ ಬರೆದದ್ದಲ್ಲ. 1930ರ ದಸರೆಯ ಮೆರವಣಿಗೆಯ ಫೋಟೋಗಳನ್ನು ಮುಂದಿಟ್ಟುಕೊಂಡು ವೈ. ಸುಬ್ರಹ್ಮಣ್ಯ ರಾಜು, ಎಸ್. ಎನ್. ಸ್ವಾಮಿ, ಕೇಶವಯ್ಯ ಮುಂತಾದ ಕಲಾವಿದರು 1934ರಿಂದ 1945ರವರೆಗೆ ಬರೆದರು. ಕಪ್ಪು-ಬಿಳುಪು ಫೋಟೋದಲ್ಲಿ ಮುಖವಿತ್ತು, ಬಣ್ಣವಿರಲಿಲ್ಲ. ಜರತಾರಿಯ ಹೊಳಪು, ಆನೆಯ ಮೇಲಿನ ಜೂಲಿನ ಬಣ್ಣ, ಪೇಟಗಳ ಬಣ್ಣ ಎಲ್ಲವನ್ನೂ ಕಲಾವಿದರೇ ತುಂಬಬೇಕಿತ್ತು. ಅರ್ಧ ಕೆಲಸ ಕ್ಯಾಮೆರಾದ್ದು, ಅರ್ಧ ಕುಂಚದ್ದು.

ನನ್ನನ್ನು ಬಹಳ ಕಾಡಿದ್ದು ಇಸವಿಗಳ ಲೆಕ್ಕ. ಅಂಬಾರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಅವರ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಮತ್ತು ಯುವರಾಜರ ಮಗ ಜಯಚಾಮರಾಜ ಒಡೆಯರು ಕೂತಿದ್ದಾರೆ. ಯುವರಾಜರು ತೀರಿಕೊಂಡದ್ದು 1940ರ ಮಾರ್ಚಿನಲ್ಲಿ, ನಾಲ್ವಡಿಯವರು ಅದೇ ವರ್ಷ ಆಗಸ್ಟಿನಲ್ಲಿ. ಅಂದರೆ ಕೊನೆಯ ಚಿತ್ರ ಮುಗಿಯುವ ಹೊತ್ತಿಗೆ ಮೂವರಲ್ಲಿ ಇಬ್ಬರು ಇಲ್ಲ. ಮೆರವಣಿಗೆಯ ಫೋಟೋ ತೆಗೆದಾಗ ಅದು ಆ ವರ್ಷದ ಹಬ್ಬ, ಗೋಡೆಗೆ ಏರುವಷ್ಟರಲ್ಲಿ ನೆನಪು.

ಅದೇ ಕಾಲಕ್ಕೆ ಅಮೆರಿಕದಲ್ಲಿ ಕುಂಚದ ಹಂಗೇ ಇಲ್ಲದೆ ಫೋಟೋವನ್ನೇ ಹಿಗ್ಗಿಸಿ ಗೋಡೆಗೆ ಅಂಟಿಸಲು ಶುರುಮಾಡಿದ್ದರು. 1932ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಗೋಡೆಚಿತ್ರಗಳ ಪ್ರದರ್ಶನದಲ್ಲಿ ಫೋಟೋಗ್ರಾಫರುಗಳಿಗೂ ಜಾಗ ಕೊಟ್ಟಿತು. ಮುಂದೆ 1950ರಿಂದ 1990ರವರೆಗೆ ಅದೇ ಊರಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕೊಡಕ್ ಕಂಪನಿ 60 ಅಡಿ ಅಗಲ, 18 ಅಡಿ ಎತ್ತರದ ಬಣ್ಣದ ಫೋಟೋಗಳನ್ನು ಹಾಕುತ್ತಿತ್ತು. ನಮ್ಮ ಹಾಲ್‌ನ ಗೋಡೆಗೆ ಇದೂ ಒಬ್ಬ ಮುತ್ತಜ್ಜ.

ಇಂಜಿನಿಯರ್ ಆದ ತಪ್ಪಿಗೆ ಒಂದಿಷ್ಟು ಲೆಕ್ಕ ಹೇಳಿಬಿಡುತ್ತೇನೆ. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕೆ. 10 ಅಡಿ ಅಗಲ, ಏಳೂವರೆ ಅಡಿ ಎತ್ತರಕ್ಕೆ ಹಿಗ್ಗಿಸಿದರೆ ಇಂಚಿಗೆ 33 ಚುಕ್ಕೆ, ಒಂದೊಂದೂ ಮುಕ್ಕಾಲು ಮಿಲಿಮೀಟರ್. ಪುಸ್ತಕದ ಮುದ್ರಣಕ್ಕೆ ಇದು ಸಾಲದು. ಆದರೆ ಒಳ್ಳೆಯ ಕಣ್ಣಿಗೂ ಎಂಟೊಂಬತ್ತು ಅಡಿ ದೂರದಿಂದ ಈ ಚುಕ್ಕೆಗಳು ಬಿಡಿಯಾಗಿ ಕಾಣುವುದಿಲ್ಲ. ಅದೇ ಫೋಟೋ ವಾಟ್ಸಾಪಿನಲ್ಲಿ ಕುಗ್ಗಿ 1600 ಚುಕ್ಕೆಗೆ ಇಳಿದಿದ್ದರೆ ಒಂದೊಂದು ಚುಕ್ಕೆ ಸುಮಾರು ಎರಡು ಮಿಲಿಮೀಟರ್ ಆಗುತ್ತೆ. ಆಗ ಅಜ್ಜನ ಮುಖ ನೆಟ್ಟಗೆ ಕಾಣಬೇಕೆಂದರೆ ಇಪ್ಪತ್ತು ಅಡಿ ಹಿಂದೆ, ಅಂದರೆ ಅಂಗಳಕ್ಕೆ ಹೋಗಿ ನಿಲ್ಲಬೇಕು! ಹಾಗಾಗಿ ಮೂಲ ಫೈಲನ್ನೇ ಕೊಡಿ. ಹೊಸ ಗಿಲಾವು ಪೂರ್ತಿ ಒಣಗುವವರೆಗೆ ಅಂಟಿಸಬೇಡಿ. ನಮ್ಮೂರಂಥ ಹೊಳೆದಂಡೆಯ ಊರಲ್ಲಿ ಗೋಡೆಗೆ ಥಂಡಿ ಹಿಡಿದರೆ ಹಾಳೆ ಎದ್ದು ಬರುತ್ತೆ.

ಅಂದ ಹಾಗೆ, ನಮ್ಮೂರಿಗೂ ಈ ಕಥೆಗೂ ಒಂದು ಸಣ್ಣ ನಂಟಿದೆ. ನೀಲಗಿರಿ ಮರದ ದಿಮ್ಮಿಯಿಂದ ತಿರುಳು ತೆಗೆದು ಎಳೆ ಮಾಡುವ ಕಾರ್ಖಾನೆಯ ಊರು ನಮ್ಮದು. ಆ ತಿರುಳೆಂದರೆ ಸೆಲ್ಯುಲೋಸ್. ಹಳೆಯ ಕ್ಯಾಮೆರಾದ ಫಿಲ್ಮು, ಫೋಟೋ ಕಾಗದ, ಈಗಿನ ಎಷ್ಟೋ ಗೋಡೆಹಾಳೆಗಳು ಎಲ್ಲದರ ಮೈಯಲ್ಲೂ ಇರುವುದು ಅದೇ ಸೆಲ್ಯುಲೋಸ್.

ಇರಲಿ, ವಿಷಯಕ್ಕೆ ಬರ್ತೀನಿ. ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ ಬಾಗಿಲ ಮೇಲೆ ಮುಂದಕ್ಕೆ ಬಾಗಿಸಿ ಹಾಕಿದ ಫೋಟೋ ಸಾಲು ಇರುತ್ತಿತ್ತು. ಇವರು ಯಾರು ಎಂದು ಕೇಳಿದರೆ ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಹೋದ ಮೇಲೆ ಫೋಟೋ ಕೆಳಗಿಳಿಸಿ ತಿರುಗಿಸಿದರೆ ಎಷ್ಟೋ ಸಲ ಹಿಂಬದಿಯಲ್ಲಿ ಹೆಸರು, ಸ್ಟುಡಿಯೋದ ಮೊಹರು ಸಿಗುತ್ತಿತ್ತು. ಗೋಡೆಗೆ ಅಂಟಿಸಿದ ಫೋಟೋಕ್ಕೆ ಹಿಂಬದಿಯೇ ಇಲ್ಲ! ಮೂಲ ಫೈಲಿನೊಳಗೆ ತೆಗೆದ ದಿನ ಇರಬಹುದು, ಆದರೆ ಅದರಲ್ಲಿ ಇರುವವರು ಯಾರೆಂದು ಕ್ಯಾಮೆರಾ ತಾನಾಗಿ ಬರೆದಿಡುವುದಿಲ್ಲ. ವಾಟ್ಸಾಪಿನಲ್ಲಿ ಹಾದು ಬಂದರೆ ಸಾಮಾನ್ಯವಾಗಿ ಆ ದಿನಾಂಕವೂ ಅಳಿಸಿಹೋಗಿರುತ್ತದೆ.

ಬಾದಾಮಿಯ ಮುಖಕ್ಕೂ ಮೈಸೂರಿನ ಮುಖಗಳಿಗೂ ಇರುವ ವ್ಯತ್ಯಾಸ ಇದೇ ಅನ್ನಿಸುತ್ತದೆ. ಬಣ್ಣ, ಕೈಚಳಕ ಎರಡೂ ಕಡೆ ಇತ್ತು. ಒಂದು ಕಡೆ ಯಾವಾಗ, ಯಾರು ಎಂಬುದು ಚಿತ್ರದ ಜೊತೆ ಉಳಿಯಿತು, ಇನ್ನೊಂದು ಕಡೆ ಉಳಿಯಲಿಲ್ಲ. ದೊರೆಯ ಮುಖವೇ ಹೆಸರಿಲ್ಲದೆ ಅನಾಥವಾಗಬಹುದಾದರೆ, ಹೊಲದ ಬದುವಿನ ಮೇಲೆ ಕೂತ ನಮ್ಮ ಅಜ್ಜನ ಪಾಡೇನು? ನಮ್ಮ ಮೊಮ್ಮಕ್ಕಳಿಗೆ ಅದೂ ಯಾವುದೋ ದೇಶದ ಜಲಪಾತದಂತೆ ಬರೀ ಅಲಂಕಾರ ಆಗಿಬಿಡಬಹುದು.

ಆದ್ದರಿಂದ ನನ್ನದೊಂದು ಸಣ್ಣ ಸಲಹೆ. ಪ್ರಿಂಟ್‌ಗೆ ಕೊಡುವಾಗಲೇ ಚಿತ್ರದ ಕೆಳಮೂಲೆಯಲ್ಲಿ ಒಂದು ಸಾಲು ಸೇರಿಸಿ: ಹೆಸರು, ಊರು, ಇಸವಿ. ಅಂದ ಕೆಡುತ್ತೆ ಅನ್ನುವವರು ಹಾಳೆ ಅಂಟಿಸುವ ಮುಂಚೆ ಗಿಲಾವಿನ ಮೇಲೆ ಸೀಸದಕಡ್ಡಿಯಿಂದಾದರೂ ಬರೆದಿಡಿ. ಮುಂದೊಂದು ದಿನ ಆ ಹಾಳೆ ಕೀಳುವವರಿಗೆ ಸಿಗುತ್ತದೆ. ಬಾದಾಮಿಯ ಆ ಗುಹೆಯಲ್ಲಿ ಬಣ್ಣ ಬಹುಪಾಲು ಉದುರಿಹೋಗಿದೆ, ಆದರೆ ಕಂಬದ ಮೇಲೆ ಕೊರೆದ ಇಸವಿಯನ್ನು ಇವತ್ತಿಗೂ ಓದಬಹುದು.