ನಾಯಿ ಬೆಕ್ಕುಗಳ ಅಶ್ಮರೀರೋಗದ ಚರಿತ್ರೆ

ಚನ್ನಪಟ್ಟಣದಿಂದ ಮೈಸೂರಿನ ಕಡೆಗೆ ಹೊರಟರೆ ಮುಂದೆ ಮದ್ದೂರು ಸಿಕ್ಕುತ್ತದೆ. ಆ ತಾಲ್ಲೂಕಿನ ಆತಕೂರಿನಲ್ಲಿ ಕ್ರಿ. ಶ. ೯೪೯-೫೦ ರಲ್ಲಿ ಒಂದು ನಾಯಿಯ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿದರು. ಗಂಗರ ಬೂತುಗನು ಮಣಲೇರನೆಂಬ ವೀರನಿಗೆ ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಆತನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಲು ಎರಡೂ ಒಟ್ಟಿಗೆ ಮಡಿದುವು. ಆ ಶಾಸನಶಿಲೆಯು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಕಲ್ಲನ್ನು ನಿಲ್ಲಿಸಿದ ಸೀಮೆಯವರಾದ ನಾವು, ನಾಯಿಯ ಮೂತ್ರಕೋಶದಲ್ಲಿಯೇ ಹುಟ್ಟಿ ಅದರ ಪ್ರಾಣಕ್ಕೆ ಎರವಾಗುವ ಕಲ್ಲನ್ನು ಎಷ್ಟುಮಟ್ಟಿಗೆ ಬಲ್ಲೆವು? ಈ ದಿನ ಅದರ ಚರಿತ್ರೆಯನ್ನು ಸಂಗ್ರಹವಾಗಿ ಹೇಳಬೇಕೆಂದಿದ್ದೇವೆ.

ಮನುಷ್ಯರ ಅಶ್ಮರಿಯನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಸುಶ್ರುತಸಂಹಿತೆಯು ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಔಷಧಕ್ಕೆ ಬಗ್ಗದಿದ್ದರೆ ರಾಜನ ಅನುಮತಿಯನ್ನು ಪಡೆದು ಶಸ್ತ್ರದಿಂದ ತೆಗೆಯಬೇಕೆಂದು ವಿಧಿಸುತ್ತದೆ. ಪಶುವೈದ್ಯವೂ ನಮಗೆ ಹೊಸದಲ್ಲ. ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಕನ್ನಡದಲ್ಲಿಯೇ ‘ಗೋವೈದ್ಯ’ವನ್ನು ರಚಿಸಿದನು. ಆದರೆ ಕಲ್ಲು ಯಾವ ದ್ರವ್ಯದಿಂದ ಆದುದೆಂಬುದನ್ನು ತಿಳಿಯಲು ರಸಾಯನಶಾಸ್ತ್ರವು ಬೆಳೆಯುವವರೆಗೂ ಕಾಯಬೇಕಾಯಿತು.

೧೭೭೬ ರಲ್ಲಿ ಸ್ವೀಡನ್ನಿನ ಷೀಲೆಯು ಮೂತ್ರಕೋಶದ ಕಲ್ಲಿನಲ್ಲಿ ಯೂರಿಕ್ ಆಮ್ಲವನ್ನು ಕಂಡನು. ೧೮೧೦ ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್ನನು ಇನ್ನೊಂದು ಕಲ್ಲಿನಲ್ಲಿ, ಈಗ ಸಿಸ್ಟೀನ್ ಎಂದು ಕರೆಯುವ ದ್ರವ್ಯವನ್ನು ಗುರುತಿಸಿದನು. ೧೮೪೫ ರ ಸುಮಾರಿನಲ್ಲಿ ಹ್ಯಾಂಬರ್ಗ್ ನಗರದ ಹಳೆಯ ಗೊಬ್ಬರದ ಮಣ್ಣಿನಲ್ಲಿ ದೊರೆತ ಹರಳುಗಳಿಗೆ ಉಲೆಕ್ಸನು ಸ್ಟ್ರೂವೈಟ್ ಎಂದು ಹೆಸರಿಟ್ಟನು. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟುಗಳಿಂದಾದ ಆ ಹರಳೇ ನಾಯಿ ಬೆಕ್ಕುಗಳ ಕಲ್ಲುಗಳಲ್ಲಿಯೂ ಹೇರಳವಾಗಿ ಕಂಡುಬಂದಿತು.

ಹೀಗೆ ಕಲ್ಲು ಒಂದಲ್ಲ, ಹಲವು ಎಂಬುದು ಸಿದ್ಧವಾಯಿತು. ಅವುಗಳ ಕಾರಣಗಳೂ ಬೇರೆ ಬೇರೆ. ನಾಯಿಯಲ್ಲಿ ಸ್ಟ್ರೂವೈಟ್ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳ ಸೋಂಕಿನಿಂದ ಹುಟ್ಟುತ್ತದೆ. ಅವು ಯೂರಿಯವನ್ನು ಒಡೆದು ಮೂತ್ರವನ್ನು ಕ್ಷಾರವಾಗಿಸುತ್ತವೆ. ಬೆಕ್ಕಿನಲ್ಲಿ ಬಹುಮಟ್ಟಿಗೆ ಸೋಂಕಿಲ್ಲದೆಯೇ ಆಗುತ್ತದೆ. ಬೆಕ್ಕಿನ ಪೂರ್ವಜವು ಮರುಭೂಮಿಯ ಪ್ರಾಣಿ; ಅದು ಕುಡಿಯುವ ನೀರು ಅಲ್ಪ, ಮೂತ್ರವು ಗಾಢ. ಬಿಳಿಯ ಮೈಯ ಮೇಲೆ ಚುಕ್ಕೆಗಳಿರುವ ಡಾಲ್ಮೇಷಿಯನ್ ನಾಯಿಯು ಯೂರಿಕ್ ಆಮ್ಲವನ್ನು ಹೆಚ್ಚಾಗಿ ವಿಸರ್ಜಿಸುವುದೆಂದು ೧೯೧೬ ರಲ್ಲಿ ಅಮೆರಿಕದ ಬೆನೆಡಿಕ್ಟನು ತೋರಿಸಿದನು. ವಂಶಾನುಗತವಾದ ಈ ದೋಷದ ಜೀನು ೨೦೦೮ ರಲ್ಲಿ ಪತ್ತೆಯಾಯಿತು.

ಅರ್ಧ ತಿಳಿವಿನ ಅಪಾಯವನ್ನೂ ಚರಿತ್ರೆಯು ಕಲಿಸಿದೆ. ೧೯೮೦ ರ ದಶಕದಲ್ಲಿ ಬೆಕ್ಕುಗಳ ಸಿದ್ಧ ಆಹಾರದಲ್ಲಿ ಮೆಗ್ನೀಸಿಯಮ್ಮನ್ನು ತಗ್ಗಿಸಿ, ಮೂತ್ರವು ಆಮ್ಲವಾಗುವಂತೆ ಮಾಡಿದರು. ಸ್ಟ್ರೂವೈಟ್ ಇಳಿಯಿತು, ಅದರ ಹಿಂದೆಯೇ ಕ್ಯಾಲ್ಸಿಯಂ ಆಕ್ಸಲೇಟಿನ ಕಲ್ಲುಗಳು ಏರಿದುವು. ಮೊದಲನೆಯದು ತಕ್ಕ ಆಹಾರ ಔಷಧಗಳಿಂದ ಕರಗುತ್ತದೆ. ಎರಡನೆಯದು ಕರಗುವುದಿಲ್ಲ, ಅದನ್ನು ಹೊರಗೆ ತೆಗೆಯಲೇಬೇಕು.

ನಮ್ಮ ಸಂಸ್ಥಾನದಲ್ಲಿ ೧೯೨೫ ರಲ್ಲಿ ಸ್ಥಾಪಿತವಾದ ಸೀರಂ ಇನ್‌ಸ್ಟಿಟ್ಯೂಟಿನ ಗಮನವೆಲ್ಲ ದನಗಳ ಅಂಟುಜಾಡ್ಯಗಳ ಕಡೆಗೆ ಇದ್ದುದು ಸಹಜ; ಉಳುವವನ ಬಾಳು ಎತ್ತಿನ ಮೇಲೆ ನಿಂತಿತ್ತು. ೧೯೫೮ ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಮನೆಯ ನಾಯಿಬೆಕ್ಕುಗಳ ಸರದಿ ಬಂದುದು ತಡವಾಗಿ.

ಆದರೆ ರೋಗವು ನಮಗಾಗಿ ಕಾಯುವುದಿಲ್ಲ. ಚನ್ನಪಟ್ಟಣದ ಸುತ್ತಿನ ರೇಷ್ಮೆಹುಳುವಿನ ಮನೆಗಳಲ್ಲಿ ಇಲಿಗಳನ್ನು ಹಿಡಿಯುವ ಬೆಕ್ಕು ಮನೆಯವರಿಗೆ ದೊಡ್ಡ ಉಪಕಾರಿ. ಅಂಥ ಗಂಡು ಬೆಕ್ಕೊಂದು ಮತ್ತೆ ಮತ್ತೆ ಮೂಲೆಗೆ ಹೋಗಿ ತಿಣುಕಿ, ಹನಿಯೂ ಬಾರದೆ ಕೂಗಿದರೆ, ಮಲಬದ್ಧತೆಯೆಂದು ಭಾವಿಸಿ ಹರಳೆಣ್ಣೆ ಕುಡಿಸುವವರುಂಟು. ಕಲ್ಲೆಂದು ಊಹಿಸಿದವರು ಬಾಳೆದಿಂಡಿನ ರಸವನ್ನೋ ಹುರುಳಿಕಟ್ಟನ್ನೋ ಹುಡುಕುತ್ತಾರೆ. ಗಂಡು ಪ್ರಾಣಿಯ ಮೂತ್ರನಾಳವು ಬಹು ಕಿರಿದು. ಅದು ಪೂರ್ಣವಾಗಿ ಕಟ್ಟಿದರೆ ಹೊರಹೋಗಬೇಕಾದ ವಿಷವು ರಕ್ತದಲ್ಲಿಯೇ ನಿಂತು, ಎರಡು ಮೂರು ದಿನಗಳಲ್ಲಿ ಪ್ರಾಣವು ಹೋಗುತ್ತದೆ. ಆ ಹೊತ್ತಿನಲ್ಲಿ ಬೇಕಾದುದು ಮನೆಮದ್ದಲ್ಲ. ಸಣ್ಣ ನಳಿಕೆಯನ್ನು ಇಟ್ಟು ದಾರಿಯನ್ನು ಬಿಡಿಸಬಲ್ಲ ಪಶುವೈದ್ಯನು. ಅನಂತರ ಕಲ್ಲು ಯಾವ ಬಗೆಯದೆಂಬ ಪರೀಕ್ಷೆಯಾಗಬೇಕು; ಚಿಕಿತ್ಸೆಯೂ ಮುಂದಿನ ಆಹಾರವೂ ಅದನ್ನು ಅನುಸರಿಸಬೇಕು. ಗಡಸು ನೀರನ್ನು ದೂರಿ ನೀರನ್ನೇ ಕಡಮೆಮಾಡುವುದು ತಪ್ಪು. ಹೆಚ್ಚು ನೀರು ಕುಡಿದಷ್ಟೂ ಮೂತ್ರವು ತೆಳುವಾಗಿ ಹರಳುಕಟ್ಟುವುದು ಕಡಮೆಯಾಗುತ್ತದೆ.

ಕಾಳಿಯು ಮಡಿದ ಮೇಲೆ ಅದರ ಒಡೆಯನು ಕಲ್ಲನ್ನು ನಿಲ್ಲಿಸಿ ತನ್ನ ಋಣವನ್ನು ತೀರಿಸಿದನು. ನಮ್ಮ ಬಾಗಿಲನ್ನು ಕಾಯುವ ಪ್ರಾಣಿಯ ಋಣವನ್ನು ಅದು ಬದುಕಿರುವಾಗಲೇ ತೀರಿಸುವ ತಿಳಿವು ನಮಗೆ ಒದಗಿದೆ. ಅದನ್ನು ಹೊತ್ತಿಗೆ ಸರಿಯಾಗಿ ಬಳಸುವುದೊಂದೇ ಉಳಿದಿದೆ.